ಕೇಪಿನ ಕೋವಿಗೆ ಬೇಕಾದ ಸಾಮಾನು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ?

ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಎಂಬ ಪುಟ್ಟ ಲೋಹದ ಟೊಪ್ಪಿಗೆಯ ಕಿಡಿಯಿಂದ ಹೊತ್ತಿಸುವ ನಾಡಕೋವಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಡಲ್ಲಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ದೊಡ್ಡ ಅಂಗಡಿಯಲ್ಲಿ ಕೇಪು, ಮದ್ದು, ಗುಂಡುಗಳನ್ನು ಬಿಸ್ಕತ್ತಿನ ಪೊಟ್ಟಣದ ಹಾಗೆ ಜೋಡಿಸಿಟ್ಟಿದ್ದು ನೋಡಿದೆ. ಸಕಲೇಶಪುರದ ತೋಟದಲ್ಲಿ ನಮ್ಮದೊಂದು ಲೈಸೆನ್ಸ್ ಇರುವ ಒಂಟಿನಳಿಗೆ ಕೇಪಿನ ಕೋವಿ ಇದೆ. ಬೆಂಗಳೂರಿನ ಮಾಲ್‌ಗಳಲ್ಲಿ ಇವು ಯಾಕಿಲ್ಲ? ಮುಂದಿನ ಸಲ ಬರುವಾಗ ಎರಡು ಡಬ್ಬಿ ಕೇಪು ತರಬಹುದೇ?
– ಓದುಗರು, ಬಸವನಗುಡಿ

ತರಬೇಡಿ. ಕೇಪು, ಕೋವಿಮದ್ದು ಎರಡನ್ನೂ ವಿಮಾನದಲ್ಲಿ ಕೈಚೀಲದಲ್ಲಾಗಲಿ ಲಗೇಜಿನಲ್ಲಾಗಲಿ ಒಯ್ಯುವಂತಿಲ್ಲ. ಹೇಗೋ ಇಲ್ಲಿಗೆ ಬಂದರೂ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿಗೆ ಕೇಪು ಎಂದರೆ ಮದ್ದುಗುಂಡೇ. ಅದನ್ನು ಹೊರದೇಶದಿಂದ ತರುವುದಕ್ಕೂ ಕಾಯ್ದೆಯ ಕಟ್ಟುಪಾಡುಗಳಿವೆ.

ಅಲ್ಲಿ ಕಪಾಟಿನಲ್ಲಿ ಸಿಗುವುದಕ್ಕೆ ಕಾರಣ ಅವರ 1968ರ ಬಂದೂಕು ಕಾಯ್ದೆ. ತೋಟೆ ಹಾಕಲು ಬಾರದ, ಕರಿಮದ್ದಿಗೆಂದೇ ಮಾಡಿದ ಬಾಯಿತುಂಬುವ ಕೋವಿಯನ್ನು ಅದು ಪುರಾತನ ವಸ್ತುವಿನ ಸಾಲಿಗೆ ಸೇರಿಸಿ, ಬಂದೂಕಿನ ಪಟ್ಟಿಯಿಂದಲೇ ಹೊರಗಿಟ್ಟಿದೆ. ರಾಜ್ಯ ರಾಜ್ಯಕ್ಕೆ ನಿಯಮ ಬದಲಾಗುತ್ತದೆ ಅನ್ನುವುದು ಬೇರೆ ಮಾತು. ಆದರೆ ಆ ಕಪಾಟನ್ನು ಹತ್ತಿರದಿಂದ ನೋಡಿದರೆ ನಿಮ್ಮ ಕೋವಿಗೆ ಆಗುವಂಥದ್ದು ಕಡಿಮೆ. ವಾಲ್‌ಮಾರ್ಟ್, ಕ್ಯಾಬೆಲಾಸ್‌ನಂಥ ಅಂಗಡಿಗಳ ಸರಕು ಹೆಚ್ಚಾಗಿ ‘ಇನ್‌ಲೈನ್’ ಎಂಬ ಹೊಸ ಮಾದರಿಯದು: 209 ನಂಬರಿನ ಪ್ರೈಮರ್ (ಕೇಪಿನ ಕೆಲಸವನ್ನೇ ಮಾಡುವ ಕಿಡಿಗುಂಡಿ), 50 ಗ್ರೇನ್‌ನ ಬಿಲ್ಲೆಮದ್ದು, ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರಿಸಿದ ಗುಂಡು. 209 ಪ್ರೈಮರ್ ನಮ್ಮ ಕೋವಿಯ ನಿಪ್ಪಲ್ (ಕೇಪು ಕೂರಿಸುವ, ತೂತಿರುವ ಮೊಳೆ) ಮೇಲೆ ಕೂರುವುದೇ ಇಲ್ಲ. ಪೈರೋಡೆಕ್ಸ್‌ನಂಥ ಬದಲಿಮದ್ದು ಹೊತ್ತಿಕೊಳ್ಳಲು ಕರಿಮದ್ದಿಗಿಂತ ಹೆಚ್ಚು ಶಾಖ ಕೇಳುತ್ತದೆ. ಚಕಮಕಿ ಕಲ್ಲಿನ ಕೋವಿಯಲ್ಲಿ ಅದು ಸತಾಯಿಸುತ್ತದೆ. ಹಳೇ ಮಾದರಿಯ ಕೋವಿ ಇಟ್ಟುಕೊಂಡ ಅಮೆರಿಕನ್ನರೂ ಆ ದೊಡ್ಡ ಅಂಗಡಿಗಳಿಂದ ಬರಿಗೈಯಲ್ಲಿ ಬಂದು ಬೇರೆ ಕಡೆ ಹುಡುಕುತ್ತಾರೆ.

ಬೆಂಗಳೂರಿನಲ್ಲಿ ಲೆಕ್ಕ ಸರಳ. ಹೊತ್ತಿಕೊಳ್ಳುವುದೆಲ್ಲ, ಅಂದರೆ ಮದ್ದು ಮತ್ತು ಕೇಪು, ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿ ಮಾತ್ರ. ಗುಂಡು, ಚರೆಯನ್ನೂ ಅಲ್ಲೇ ಕೇಳಿ. ಮೊದಲು ಫೋನ್ ಮಾಡಿ ದಾಸ್ತಾನು ಕೇಳಿಕೊಂಡು, ಮೂಲ ಲೈಸೆನ್ಸ್ ಪುಸ್ತಕವನ್ನೇ ಒಯ್ಯಿರಿ, ಜೆರಾಕ್ಸ್ ನಡೆಯುವುದಿಲ್ಲ. ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎನ್ನುವುದು ಅದರಲ್ಲೇ ಬರೆದಿರುತ್ತದೆ, ಕೊಂಡಿದ್ದನ್ನು ವ್ಯಾಪಾರಿ ಅದರಲ್ಲೇ ನಮೂದಿಸಬೇಕು. ಕೋವಿ ತೊಳೆದು ಒರೆಸಿ ಕಾಪಾಡುವ ಸಾಮಾನಿಗೆ ಯಾವ ಬಂದೂಕಿನಂಗಡಿಯೂ ಬೇಡ.

ಹಾಗಾದರೆ ಸೂಪರ್‌ಮಾರ್ಕೆಟ್‌ನಲ್ಲಿ ಏನೇನು ಕೊಳ್ಳಬಹುದು? ವಿದೇಶದ ‘ಬೋರ್ ಕ್ಲೀನರ್’ ಆನ್‌ಲೈನಿನಲ್ಲಿ ವಿಪರೀತ ಬೆಲೆ.
– ಓದುಗರು, ವಿಜಯನಗರ

ಆ ಬಾಟಲಿ ಬೇಡವೇ ಬೇಡ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಹೊಗೆಯಲ್ಲಿನ ಕಣವಾಗಿ, ನಳಿಗೆಯ ಮಸಿಯಾಗಿ ಉಳಿಯುತ್ತದೆ. ಅದರಲ್ಲಿ ಹೆಚ್ಚಿನವು ಪೊಟ್ಯಾಸಿಯಂ ಲವಣಗಳು: ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತವೆ, ಆದರೆ ನೀರಿನಲ್ಲಿ ಸಲೀಸಾಗಿ ಕರಗುತ್ತವೆ. ಸೀಮೆಎಣ್ಣೆ, ಪೆಟ್ರೋಲಿನಿಂದ ಒರೆಸಿದರೆ ಜಿಡ್ಡು ಹೋಗಿ ಉಪ್ಪು ಅಲ್ಲೇ ಉಳಿಯುತ್ತದೆ. ‘ಚೆನ್ನಾಗಿ ಒರೆಸಿಟ್ಟಿದ್ದೆವು, ಆದರೂ ತುಕ್ಕು’ ಎಂಬ ದೂರಿನ ಮೂಲ ಬಹುಪಾಲು ಇದೇ.

ಬೇಕಾದದ್ದು ಒಂದು ಲೀಟರ್ ಬಿಸಿನೀರು, ನಾಲ್ಕೈದು ಹನಿ ಪಾತ್ರೆ ತೊಳೆಯುವ ದ್ರವ, ಹಳೇ ಹತ್ತಿ ಪಂಚೆಯ ತುಂಡುಗಳು, ಹೊಲಿಗೆ ಯಂತ್ರದ ಎಣ್ಣೆ. ಕೈ ತಾಳುವಷ್ಟು ಬಿಸಿ ಸಾಕು. ಕುದಿಯುವ ನೀರು ಹೊಯ್ದರೆ ನಳಿಗೆ ಬೇಗ ಆರುತ್ತದೆ ನಿಜ, ಆದರೆ ಆರುತ್ತಿದ್ದಂತೆಯೇ ಒಳಗೆ ಕೆಂಪು ತುಕ್ಕಿನ ಪುಡಿ ಕೂರುತ್ತದೆ.

ಕೋವಿ ಖಾಲಿ ಎಂದು ಖಚಿತ ಮಾಡಿಕೊಂಡು (ಹೇಗೆ ಎಂಬುದು ಮುಂದಿದೆ) ನಿಪ್ಪಲ್ ಬಿಚ್ಚಿ. ನಳಿಗೆಯನ್ನು ಮರದ ಹಿಡಿಯಿಂದ ಬೇರ್ಪಡಿಸಲು ಬರುವುದಾದರೆ ಅದರ ಹಿಂತುದಿಯನ್ನು ಸಾಬೂನು ನೀರಿನ ಬಕೆಟ್‌ನಲ್ಲಿಟ್ಟು, ಗಜದ (ನಳಿಗೆಯೊಳಗೆ ಆಡಿಸುವ ಕೋಲು) ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆಯಿರಿ. ಸೈಕಲ್ ಪಂಪಿನಂತೆ ನಿಪ್ಪಲ್ ತೂತಿನಿಂದ ನೀರು ಒಳಗೆ ಹೊರಗೆ ಆಡುತ್ತದೆ, ಬುಡದ ಮಸಿ ಅದರಲ್ಲೇ ಬರುತ್ತದೆ. ನೀರು ಕಪ್ಪಾದಂತೆ ಬದಲಿಸಿ. ಬಟ್ಟೆ ಬೆಳ್ಳಗೆ ಬಂದ ಮೇಲೆ ಬರೀ ನೀರಿನಲ್ಲೊಮ್ಮೆ ಜಾಲಿಸಿ, ಒಣಬಟ್ಟೆಯನ್ನು ತೇವ ಕಾಣದಾಗುವವರೆಗೂ ಬದಲಿಸುತ್ತ ಒರೆಸಿ, ನಳಿಗೆ ಇನ್ನೂ ಬೆಚ್ಚಗಿರುವಾಗಲೇ ಎಣ್ಣೆಬಟ್ಟೆ ಆಡಿಸಿ. ಬಳೆ ಹಾಕಿ ಬಿಗಿದ ನಳಿಗೆಯಾದರೆ ಬಕೆಟ್ ಬೇಡ. ಒದ್ದೆಬಟ್ಟೆಯಲ್ಲೇ ಹತ್ತಾರು ಸಲ ಒರೆಸಬೇಕು. ಮರದೊಳಗೆ ನೀರು ಇಳಿದರೆ ನಳಿಗೆಯ ಅಡಿಭಾಗ ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಯುತ್ತದೆ.

ಎಣ್ಣೆ ಹಾಕಿದ ಕೋವಿಯನ್ನು ಒಂದು ದಿನ ಬಾಯಿ ಕೆಳಗಾಗಿ ನಿಲ್ಲಿಸಿ. ಮರುದಿನ ಮತ್ತೊಂದು ಬಟ್ಟೆ ಆಡಿಸಿ ನೋಡಿ. ಕಂದು ಬಣ್ಣ ಬಂದರೆ ತೊಳೆದದ್ದು ಸಾಲದು ಎಂದರ್ಥ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಇದನ್ನು ಮಾಡಿ. ಚರ್ಮದ ಅಥವಾ ಸ್ಪಂಜಿನ ಚೀಲದಲ್ಲಿ ಮಾತ್ರ ಇಡಬೇಡಿ, ತೇವ ಹಿಡಿದಿಟ್ಟುಕೊಳ್ಳುತ್ತದೆ.

ಅದೇ ಸೂಪರ್‌ಮಾರ್ಕೆಟ್‌ನ ಬ್ಲೀಚು, ಶೌಚಾಲಯದ ಆಮ್ಲ, ಉಪ್ಪು ಬೆರೆತ ಬೆಣ್ಣೆ ಕೋವಿಯ ಹತ್ತಿರ ಬರಬಾರದು. ಮರದ ಹಿಡಿಗೆ ಬಣ್ಣದಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆ ಒಳ್ಳೆಯದು, ತೆಳ್ಳಗೆ ಸವರಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿ ಬಿಸಾಡಿ.

ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆ) ಮೊದಲ ಹೊಡೆತಕ್ಕೆ ಕೇಪು ಸಿಡಿಯುವುದಿಲ್ಲ, ಎರಡನೆಯದಕ್ಕೆ ಸಿಡಿಯುತ್ತದೆ. ಕೆಲವು ಸಲ ಕೇಪು ಸಿಡಿದರೂ ಈಡಾಗುವುದಿಲ್ಲ, ಗುಂಡು ಹಾರುವುದಿಲ್ಲ. ಕೇಪು ಹಳತಾಗಿದೆಯೇ?
– ಓದುಗರು, ಯಲಹಂಕ

ಎರಡೂ ಬೇರೆ ಬೇರೆ ರೋಗ. ಮೊದಲನೆಯದು ಅಳತೆಯದು. ಕೇಪು ಚಿಕ್ಕದಾಗಿ ನಿಪ್ಪಲಿನ ತಳದವರೆಗೆ ಕೂತಿಲ್ಲ. ಮೊದಲ ಹೊಡೆತದ ಬಲವೆಲ್ಲ ಅದನ್ನು ಕೂರಿಸುವುದಕ್ಕೇ ಹೋಗುತ್ತದೆ, ಎರಡನೆಯದು ಸಿಡಿಸುತ್ತದೆ. ದೊಡ್ಡದಾದರೆ ಕೋವಿ ಬಗ್ಗಿಸಿದಾಗ ಉದುರುತ್ತದೆ. ಸರಿಯಾದದ್ದು ಬೆರಳ ಒತ್ತಿಗೆ ತಳ ಮುಟ್ಟಿ ಅಲ್ಲಿಯೇ ನಿಲ್ಲಬೇಕು. 10, 11 ಎಂಬ ನಂಬರನ್ನು ಮಾತ್ರ ನಂಬಬೇಡಿ, ಒಂದೇ ನಂಬರು ಕಂಪನಿಯಿಂದ ಕಂಪನಿಗೆ ಕೂದಲೆಳೆ ವ್ಯತ್ಯಾಸವಾಗುತ್ತದೆ. ಕೈಯಲ್ಲಿ ಮಾಡಿದ ನಿಪ್ಪಲ್ ಮೇಲೆ ಕೇಪು ಸರಿಯಾಗಿ ಕೂರದಿರಲು ಅಷ್ಟೇ ಸಾಕು. ಬಿಗಿಯಾದ ಕೇಪನ್ನು ಕಬ್ಬಿಣದಿಂದ ತಟ್ಟಿ ಕೂರಿಸುವುದು ಬೆರಳು ಕಳೆದುಕೊಳ್ಳುವ ದಾರಿ.

ಎರಡನೆಯದಕ್ಕೆ ಕಾರಣ ಎಣ್ಣೆ ಅಥವಾ ಮಸಿ. ಕೋವಿಯನ್ನು ಬಾಯಿ ಮೇಲಾಗಿ ಗೋಡೆಗೆ ಒರಗಿಸಿಟ್ಟರೆ ಎಣ್ಣೆ ಬುಡಕ್ಕೆ ಇಳಿದು ಬೆಂಕಿಯ ದಾರಿ ಕಟ್ಟುತ್ತದೆ. ಖಾಲಿ ಕೋವಿಯ ನಿಪ್ಪಲ್ ಬಿಚ್ಚಿ, ತೂತಿಗೆ ಸ್ಟೌ ಪಿನ್ ಆಡಿಸಿ. ಪಂಪ್ ಸ್ಟೌ ಕಾಲದ ಆ ಪಿನ್ ಹಳೇ ಪಾತ್ರೆ ಅಂಗಡಿಗಳಲ್ಲಿ ಈಗಲೂ ಸಿಕ್ಕೀತು. ಇಲ್ಲದಿದ್ದರೆ ಗಿಟಾರಿನ ಅತಿ ತೆಳ್ಳನೆಯ ತಂತಿ. ದಪ್ಪ ಸೂಜಿ ಬೇಡ. ತೂತಿನ ಕೆಳತುದಿ ಸುಮಾರು 0.7–0.8 ಮಿಲಿಮೀಟರ್ ಇರಬೇಕು. ಅದು ಅಗಲವಾದರೆ ಒಳಗಿನ ಒತ್ತಡ ಹಿಂದಕ್ಕೆ ನುಗ್ಗುತ್ತದೆ. ಈಡಾದ ಮೇಲೆ ಕುದುರೆ ತಾನಾಗಿ ಅರ್ಧ ಎದ್ದು ನಿಂತಿದ್ದರೆ ನಿಪ್ಪಲ್ ಸವೆದಿದೆ, ಬದಲಿಸುವವರೆಗೆ ಹೊಡೆಯಬೇಡಿ.

ಈಡಾಗದಾಗ ನಳಿಗೆಯ ಬಾಯಿಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವ ಮದ್ದು ಇಣುಕಿ ನೋಡುವವರಿಗಾಗಿಯೇ ಕಾದಿರುತ್ತದೆ.

ಹೊಸ ನಿಪ್ಪಲ್ ಅನ್ನು ವಿದೇಶಿ ವೆಬ್‌ಸೈಟಿನಿಂದ ತರಿಸಬಹುದೇ?
– ಓದುಗರು, ಮಲ್ಲೇಶ್ವರ

ಕಾಯ್ದೆಯಲ್ಲಿ ‘ಶಸ್ತ್ರ’ ಎಂದರೆ ಅದರ ಬಿಡಿಭಾಗವೂ ಹೌದು, ಅದೇ ದೊಡ್ಡ ತೊಡಕು. ಮರೆ (ತಿರುಪಿನ ಸುತ್ತು) ಕೂಡ ಹೊಂದುವುದಿಲ್ಲ: ಅಮೆರಿಕದವು ಬಹಳಷ್ಟು ಕಾಲಿಂಚು ದಪ್ಪ, ಇಂಚಿಗೆ 28 ಸುತ್ತು, ಯೂರೋಪಿನವು 6 ಮಿಲಿಮೀಟರ್, ನಮ್ಮ ನಾಡಕೋವಿಯ ಮರೆ ಅದನ್ನು ಮಾಡಿದ ಕಮ್ಮಾರನಿಗೇ ಗೊತ್ತು. ಬಲವಂತವಾಗಿ ತಿರುಗಿಸಿದರೆ ನಳಿಗೆಯ ಮರೆ ಹಾಳು, ಆಮೇಲೆ ನಿಪ್ಪಲ್ ಗುಂಡಿನಂತೆ ನಿಮ್ಮ ಮುಖಕ್ಕೇ ಹಾರಬಹುದು. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೇ ಕೊಡಿ. ಹಾಕುವಾಗ ಮರೆಗೆ ಸ್ಪಾರ್ಕ್ ಪ್ಲಗ್‌ಗೆ ಹಚ್ಚುವ ತಾಮ್ರದ ಗ್ರೀಸ್ ಚೂರು ಹಚ್ಚಿಸಿ, ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ ನೋಡಿ. ಮುಂದಿನ ಸಲ ಬಿಚ್ಚಲು ಸಲೀಸು.

ಮದ್ದು ಸಿಗದಿದ್ದರೆ ಪಟಾಕಿ ಬಿಚ್ಚಿ ಪುಡಿ ಹಾಕಬಹುದೇ? ಊರಿನಲ್ಲಿ ಕೆಲವರು ಹಾಕುತ್ತಾರೆ.
– ಓದುಗರು, ಕೆಂಗೇರಿ

ಖಂಡಿತ ಕೂಡದು. ಸದ್ದಿನ ಪಟಾಕಿಯಲ್ಲಿ ಅಲ್ಯೂಮಿನಿಯಂ ಪುಡಿ ಬೆರೆತ ಮಿಶ್ರಣವಿರುತ್ತದೆ. ಕರಿಮದ್ದು ಗುಂಡನ್ನು ತಳ್ಳುತ್ತದೆ, ಇದು ನಳಿಗೆಯನ್ನೇ ಸೀಳುತ್ತದೆ. ತೋಟೆಯೊಳಗಿನ ಹೊಗೆರಹಿತ ಮದ್ದೂ ಅಷ್ಟೇ ಅಪಾಯ. ಮನೆಯಲ್ಲಿ ಮದ್ದು ಅರೆಯುವುದು ಅಪರಾಧವೂ ಹೌದು.

ತಂದೆ ತೀರಿಕೊಂಡ ಮೇಲೆ ಊರಿನ ಅಟ್ಟದಲ್ಲಿ ಅವರ ಕೇಪಿನ ಕೋವಿ ಸಿಕ್ಕಿತು. ಅದನ್ನು ನೆನಪಿಗೆಂದು ರಾಜಾಜಿನಗರದ ಮನೆಯ ಗೋಡೆಗೆ ನೇತುಹಾಕುವ ಆಸೆ. ಶುಚಿಗೊಳಿಸುವುದು ಹೇಗೆ?
– ಓದುಗರು, ರಾಜಾಜಿನಗರ

ಶುಚಿ ಆಮೇಲೆ. ಅದು ತುಂಬಿದ ಕೋವಿ ಎಂದೇ ಎಣಿಸಿ. ಹಂದಿ ಬಂದಾಗ ಕೈಗೆ ಸಿಗಲೆಂದು ತುಂಬಿಟ್ಟು ಮರೆತ ಕೋವಿಗಳು ಅಟ್ಟದಲ್ಲಿ ಬೇಕಾದಷ್ಟಿವೆ, ಮತ್ತು ಒಣಗಿದ್ದ ಕರಿಮದ್ದು ದಶಕಗಳಾದರೂ ಕೆಡುವುದಿಲ್ಲ. ನಿಪ್ಪಲ್ ಮೇಲೆ ಕೇಪು ಕಂಡರೆ ಯಾವುದನ್ನೂ ಮುಟ್ಟದೆ ಬಲ್ಲವರನ್ನು ಕರೆಸಿ. ಇಲ್ಲದಿದ್ದರೆ ಬಾಯಿಗೆ ಅಡ್ಡ ನಿಲ್ಲದೆ ಗಜವನ್ನು ಮೆಲ್ಲಗೆ ತಳದವರೆಗೆ ಬಿಡಿ, ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಗುರುತು ಹಾಕಿ. ಹೊರಗೆ ತೆಗೆದು, ಆ ಗುರುತನ್ನು ಬಾಯಿಯ ಮಟ್ಟಕ್ಕೆ ಹಿಡಿದು ನಳಿಗೆಯ ಪಕ್ಕ ಇಡಿ. ಗಜದ ತುದಿ ನಿಪ್ಪಲ್ ಹತ್ತಿರ ಬಂದರೆ ಖಾಲಿ. ಎರಡು ಮೂರು ಇಂಚು ಮುಂಚೆಯೇ ನಿಂತರೆ ಒಳಗೆ ಈಡು ಇದೆ, ಅಥವಾ ಏನೋ ಸಿಕ್ಕಿಕೊಂಡಿದೆ. ಆಗ ಕಾಯಿಸುವುದು, ಕೊರೆಯುವುದು, ಕೇಪು ಹಾಕಿ ‘ಹೊಡೆದು ಖಾಲಿ ಮಾಡುವುದು’ ಯಾವುದೂ ಬೇಡ. ನೀರು ಹೊಯ್ದರೂ ಮದ್ದು ಒಣಗಿದ ಮೇಲೆ ಮತ್ತೆ ಹೊತ್ತಬಹುದು. ಪೊಲೀಸರಿಗೆ ತಿಳಿಸಿ, ಲೈಸೆನ್ಸ್ ಇರುವ ರಿಪೇರಿಯವರಿಂದಲೇ ತೆಗೆಸಿ.

ಗೋಡೆಯ ವಿಚಾರ. ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟ, ಹಳೆಯ ಮಾದರಿಯ ಅಥವಾ ಪುರಾತನ ಆಯುಧಕ್ಕೆ ಮಾತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಬರೀ ಹಳತಾದರೆ ಸಾಲದು. ನಿಮ್ಮದು ಹಾರುವ ಕೋವಿಯಾದರೆ ಮೊದಲು ಊರಿನ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಿರಿ, ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಿ. 2016ರ ನಿಯಮಗಳಲ್ಲಿ ಅದಕ್ಕೆ ಅವಕಾಶವಿದೆ. ಬೆಂಗಳೂರು ನಗರದಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಆಯುಕ್ತರು, ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿ. ತಂದೆಯವರ ಲೈಸೆನ್ಸ್ ಬೆಳೆ ರಕ್ಷಣೆಗೆ ಕೊಟ್ಟದ್ದೇ ಎಂದು ನೋಡಿ: ನಾಡಕೋವಿಗೆ ಸಾಮಾನ್ಯವಾಗಿ ಕೊಡುವ ಕಾರಣ ಅದೇ, ಮತ್ತು ರಾಜಾಜಿನಗರದ ಮೂರನೇ ಮಹಡಿಯಲ್ಲಿ ಕಾಯಬೇಕಾದ ಬೆಳೆ ಇಲ್ಲ. ಕೊಡಗಿನ ಕೊಡವರು, ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸಿನಿಂದ ಇರುವ ವಿನಾಯಿತಿ ಬೇರೆಯದು, ಅದನ್ನು ನೋಡಿ ಉಳಿದವರು ಲೆಕ್ಕ ಹಾಕುವಂತಿಲ್ಲ.