ನಾಜಿಗಳು ಕೊಂದ ಯಹೂದಿಗಳ ಡೈರಿಗಳನ್ನು ಸಾಹಿತ್ಯ ಅಂತ ಓದಬಹುದೇ?

ಅವು ದಾಖಲೆಗಳು, ಸಾಹಿತ್ಯ ಅಂತ ಚೆನ್ನಾಗಿದೆ ಚೆನ್ನಾಗಿಲ್ಲ ಅಂದರೆ ಸತ್ತವರಿಗೆ ಅವಮಾನ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರಲ್ಲಿ ಕೆಲವರು ಬರಹಗಾರರಾಗಿಯೇ ಬರೆದರು.

ಆನ್ ಫ್ರಾಂಕ್‌ಳನ್ನೇ ನೋಡಿ. 1944ರ ಮಾರ್ಚ್ 28ರಂದು ಲಂಡನ್ನಿನಲ್ಲಿದ್ದ ಡಚ್ ಮಂತ್ರಿಯೊಬ್ಬರು, ಯುದ್ಧ ಮುಗಿದ ಮೇಲೆ ಜನರ ಡೈರಿ, ಪತ್ರಗಳನ್ನು ಸಂಗ್ರಹಿಸಬೇಕು ಅಂತ ರೇಡಿಯೋದಲ್ಲಿ ಹೇಳಿದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಅಡಗಿದ್ದ ಆನ್‌ಗೆ ಅದೇ ಸಾಕಾಯಿತು. ಮೇ ತಿಂಗಳಲ್ಲಿ ಬಿಡಿ ಹಾಳೆ ಹಿಡಿದು ಇಡೀ ಡೈರಿಯನ್ನು ಮತ್ತೆ ಬರೆಯಲು ಕೂತಳು. ಬೇಡದ್ದನ್ನು ಬಿಟ್ಟಳು, ಕೆಲವು ಕಡೆ ಬೆಳೆಸಿದಳು, ಜೊತೆಗಿದ್ದವರಿಗೆ ಬೇರೆ ಹೆಸರು ಹುಡುಕಿದಳು. ಪುಸ್ತಕಕ್ಕೊಂದು ಹೆಸರನ್ನೂ ಯೋಚಿಸಿಟ್ಟಿದ್ದಳು. ಆಗಸ್ಟ್ 4ರಂದು ಪೊಲೀಸರು ಬಂದರು, ಕೆಲಸ ಅರ್ಧಕ್ಕೇ ನಿಂತಿತು. ಆಗ ಅವಳಿಗೆ 15 ವರ್ಷ. ಅವಳನ್ನು ಸುಮ್ನೆ ‘ಮುಗ್ಧ ಹುಡುಗಿ’ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಪೋಲೆಂಡಿನ ಲೋಡ್ಜ್ ಘೆಟ್ಟೋದಲ್ಲಿದ್ದ (ಘೆಟ್ಟೋ ಅಂದರೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ) ಹುಡುಗ ದಾವಿದ್ ಶೆರಾಕೋವಿಯಾಕ್ ಅಷ್ಟು ಪ್ರಸಿದ್ಧನಲ್ಲ. 1942ರ ಸೆಪ್ಟೆಂಬರಿನಲ್ಲಿ ವೈದ್ಯರು ಮನೆಗೆ ಬಂದು, ಊರಿಂದ ಕೊಲ್ಲಲು ಸಾಗಿಸಬೇಕಾದವರಲ್ಲಿ ಅವನ ಅಮ್ಮನನ್ನೂ ಸೇರಿಸುತ್ತಾರೆ. ಆಕೆ ಜೀವ ಉಳಿಸಿ ಅಂತ ಬೇಡುತ್ತಾ ಹುಚ್ಚಿಯ ಹಾಗೆ ಮನೆ ತುಂಬ ಓಡಾಡುತ್ತಾಳೆ. ಅದೇ ಹೊತ್ತಿನಲ್ಲಿ ಅಪ್ಪ, ನೆಂಟರು ಒಲೆ ಮೇಲೆ ಬಿಟ್ಟಿದ್ದ ಸೂಪ್ ಕುಡಿಯುತ್ತಿದ್ದಾನೆ. ಅವರ ಚೀಲದಿಂದ ಸಕ್ಕರೆಯನ್ನೂ ತೆಗೆದುಕೊಳ್ಳುತ್ತಿದ್ದಾನೆ. ಅಂಥ ದಿನವೂ ಆ ಸಕ್ಕರೆಯನ್ನು ಬಿಡದೆ ಬರೆದ ಕಣ್ಣು ಕತೆಗಾರನದು. ಮುಂದಿನ ವರ್ಷ ಅವನೂ ಸತ್ತ, 19ನೇ ವಯಸ್ಸಿಗೆ.

ಎಲ್ಲ ಡೈರಿಗಳೂ ಹೀಗಿಲ್ಲ. ವಾರ್ಸಾ ಘೆಟ್ಟೋದ ಯಹೂದಿ ಮಂಡಳಿಯ ಮುಖ್ಯಸ್ಥ ಆಡಮ್ ಚೆರ್ನ್ಯಾಕುಫ್ ಬರೆದದ್ದರಲ್ಲಿ ಅವತ್ತಿನ ತಾಪಮಾನ, ಕಚೇರಿ ಭೇಟಿಗಳು, ಹಣದ ತಾಪತ್ರಯವೇ ಜಾಸ್ತಿ. ಇತಿಹಾಸಕಾರರಿಗೆ ಅದು ಬಂಗಾರ. ಓದಲು ಮಾತ್ರ ಒಣ ಒಣ. ಹಾಗೆ ಹೇಳುವುದರಲ್ಲಿ ನನಗೆ ಅವಮಾನ ಕಾಣುವುದಿಲ್ಲ.

ಅದೇ ವಾರ್ಸಾದ ಶಿಕ್ಷಕ ಹೈಮ್ ಕಪ್ಲಾನ್ ಹೀಬ್ರೂವಿನಲ್ಲಿ ಬರೆಯುತ್ತಿದ್ದ. 1942ರ ಆಗಸ್ಟಿನ ಅವನ ಕೊನೆಯ ಸಾಲಿನಲ್ಲಿರುವುದು, ತಾನು ಸತ್ತರೆ ಡೈರಿಯ ಗತಿ ಏನು ಅನ್ನುವ ಚಿಂತೆ. ಓದುಗರು ಬೇಕು ಅಂತ ತಾನೇ ಆ ಚಿಂತೆ?

ಆನ್‌ಳಿಂದಲೇ ಶುರು ಮಾಡಿ. ಆದರೆ ಅವಳ ತಂದೆ ಒಟ್ಟೊ 1947ರಲ್ಲಿ ಪ್ರಕಟಿಸಿದ್ದು, ಅವಳ ಎರಡೂ ಬರಹಗಳನ್ನು ಬೆರೆಸಿ ಮಾಡಿದ ಪುಸ್ತಕ. ಮೊದಲು ಬರೆದದ್ದು, ತಿದ್ದಿದ್ದು, ಅಪ್ಪನ ಪುಸ್ತಕ ಮೂರನ್ನೂ ಒಟ್ಟಿಗೆ ಕೊಡುವ ಆವೃತ್ತಿ 1986ರಲ್ಲಿ ಬಂದಿದೆ. ಅದರ ಇಂಗ್ಲಿಷ್ ಅನುವಾದ ಸಿಕ್ಕರೆ ಬಿಡಬೇಡಿ.