ಮಳೆಗಾಲದ ಬಾಯಾರಿಕೆ

ಹೆಸರನ್ನೂ ಗುರುತು ಹತ್ತುವ ವಿವರಗಳನ್ನೂ ಬದಲಿಸಿದ್ದೇನೆ. ಇಲ್ಲಿ ಆಕೆ ಗಂಗವ್ವ.

ಕಲಘಟಗಿ ತಾಲ್ಲೂಕಿನ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಗಳು. ವಯಸ್ಸು 38. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎರಡೂ ಕಾಲಿಗೆ ಬಲವಿಲ್ಲ. ಕೌದಿ ಹೊಲಿದು ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಾಳೆ. ಆಪ್ತಸಮಾಲೋಚನೆಗೆಂದು ಧಾರವಾಡಕ್ಕೆ ನನ್ನ ಬಳಿ ಕರೆತಂದ ಅಣ್ಣ ಹೇಳಿದ್ದು: ಜೂನ್ ಬಂದರೆ ನಿದ್ದೆ ಇಲ್ಲ, ನೀರು ಮುಟ್ಟುವುದಿಲ್ಲ, ಎರಡು ಸಲ ಮೂತ್ರದ ಸೋಂಕಾಗಿದೆ. “ತಲೀ ಕೆಟ್ಟೈತೇನ್ರಿ ಮೇಡಂ, ನೋಡ್ರಿ.”

ನಾನೂ ಮೊದಲ ದಿನ ಇದನ್ನು ಆತಂಕವೆಂದು ಬರೆದುಕೊಂಡು ಉಸಿರಾಟ ಕಲಿಸಿ ಕಳಿಸಿದೆ. ಆಕೆ ಮರ್ಯಾದೆಗೆ ಮಾಡಿ ತೋರಿಸಿದಳು.

ಎರಡನೇ ಭೇಟಿಯಲ್ಲಿ ಅಣ್ಣನನ್ನು ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿದೆ. ಆಗ ಮಾತು ಬಂತು. 2019ರ ಆಗಸ್ಟ್ ಮಳೆಯ ರಾತ್ರಿ ಮನೆಯೊಳಗೆ ನೀರು. ಅಣ್ಣ ದುಡಿಯಲು ಗೋವಾಕ್ಕೆ ಹೋಗಿದ್ದ. ಊರ ಗಂಡಸರು ನಾಲ್ವರು ಎತ್ತಿ ಸಾಲಿಗೆ (ಶಾಲೆಗೆ) ಒಯ್ದರು. “ಜೀವಾ ಉಳಿಸಿದ್ರು, ಅವ್ರ ಹೊಟ್ಟಿ ತಣ್ಣಗಿರ್ಲಿ. ಆದ್ರ ಅಕ್ಕಾರ, ಕತ್ತಲದಾಗ ಯಾರ ಕೈ ಎಲ್ಲಿ ಹತ್ತಿತು ಅಂತ ನಾ ಯಾರಿಗೆ ಹೇಳ್ಲಿ?” ಸಾಲಿಯ ಪಾಯಿಖಾನೆಗೆ ಮೂರು ಮೆಟ್ಟಿಲು. ಐದು ದಿನ ಅಲ್ಲೇ; ಅದರ ನಡುವೆ ಮುಟ್ಟೂ ಆಯಿತು. “ನೀರ ಕುಡದ್ರ ಒಂದಕ್ಕ ಹೋಗಬೇಕು. ಹೋಗಬೇಕಂದ್ರ ಮತ್ತ ಯಾರರೆ ಎತ್ತಬೇಕು.”

ಈ ಲೆಕ್ಕದಲ್ಲಿ ನನಗೆ ತಪ್ಪು ಕಾಣಲಿಲ್ಲ. ಮಳೆಯ ಬಗ್ಗೆಯೂ ಆಕೆಯದೇ ಲೆಕ್ಕವಿತ್ತು: ಮೊದಲು ಹದಿನೈದು ದಿನ ಜಿಟಿಜಿಟಿ ಹಿಡಿಯುತ್ತಿತ್ತು, ಈಗ ಎರಡು ದಿನದಲ್ಲಿ ಸುರಿದುಬಿಡುತ್ತದೆ. ಒಂದು ಸೈಕಲ್ಲೂ ಇಲ್ಲದ ಮನೆ. ಭೂಮಿ ಕಾಯಿಸಿದ ಹೊಗೆಯಲ್ಲಿ ಇವರ ಪಾಲೆಷ್ಟು?

ಸೋಂಕಿಗೆ ಮೊದಲು ವೈದ್ಯರ ಬಳಿ ಕಳಿಸಿದೆ. ಆಮೇಲೆ ಕಾಗದದ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಮಿನಂತೆ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟಿರಬೇಕು, ಅಪಾಯದ ಸುದ್ದಿ ಅವರಿಗೆ ಮುಟ್ಟಿಸಬೇಕು. “ನಿಮ್ಮ ಹೆಸರು ಅದರೊಳಗ ಐತೇನು ಅಂತ ಅರ್ಜಿ ಕೊಟ್ಟು ಕೇಳ್ರಿ. ಸಾಲಿ ಪಾಯಿಖಾನೆಗೆ ಇಳಿಜಾರು ಬೇಕಂತ ಅದರಾಗ ಬರೀರಿ. ಸ್ವೀಕೃತಿ ಮುದ್ರಿ ಹಾಕಿಸದ ಬರಬ್ಯಾಡ್ರಿ,” ಎಂದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇರಲಿಲ್ಲ. ಅದಕ್ಕೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯನ್ನು ಜೊತೆ ಮಾಡಿದೆ.

ಜಾತಿ ಪ್ರಮಾಣಪತ್ರದ್ದು ಬೇರೆಯೇ ಕತೆ. 2003ರಿಂದ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡ. ಗಡಿ ದಾಟಿ ಧಾರವಾಡ ಜಿಲ್ಲೆಗೆ ಬಂದರೆ ಅದೇ ಬಳಗಕ್ಕೆ 2020ರ ತಿದ್ದುಪಡಿವರೆಗೂ ಆ ಪಟ್ಟ ಇರಲಿಲ್ಲ. ಕಾಡಿನ ಜಮೀನಿನ ಹಕ್ಕು ಕೇಳುವ ಅರಣ್ಯ ಹಕ್ಕಿನ ಅರ್ಜಿಗೆ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸಾಗುವಳಿ ತೋರಿಸಿದರೆ ಸಾಕು, ಉಳಿದವರು 75 ವರ್ಷದ ವಾಸ ತೋರಿಸಬೇಕು. ಈಗ ಪಂಗಡದವರೆಂದು ಆ ಅರ್ಜಿಯನ್ನು ಮತ್ತೆ ಹಾಕಿ ಎಂದು ಅಣ್ಣನಿಗೆ ಹೇಳಿದೆ. ತಂಗಿಯ ಹೆಸರೂ ಇರಲಿ ಅಂದದ್ದಕ್ಕೆ ಅವನು ಗೋಡೆ ನೋಡಿದ.

ಎತ್ತುವ ಕೈ ಯಾರದೆಂದು ಆಕೆಯೇ ಬೇಸಿಗೆಯಲ್ಲಿ ಗೊತ್ತುಮಾಡಲಿ, ಮಳೆ ಜೋರಾಗುವ ಮುನ್ನ ಹಗಲಲ್ಲೇ ಹೊರಡಲಿ ಎಂದಿದ್ದೆ. ವೈನಿ (ಅಣ್ಣನ ಹೆಂಡತಿ) ಮತ್ತು ಪಕ್ಕದ ಮನೆಯ ಇಬ್ಬರು ಹೆಂಗಸರು ಒಪ್ಪಿದ್ದಾರೆ. ಮೊದಲ ತಾಲೀಮಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದು ನಾಲ್ವರೂ ಅಂಗಳದಲ್ಲಿ ಬಿದ್ದರಂತೆ. ಈಗ ಕಟ್ಟಿಗೆ ಕುರ್ಚಿಗೆ ಎರಡು ಗಳ ಬಿಗಿದಿದ್ದಾರೆ. ಸಾಲಿಯ ಮೆಟ್ಟಿಲು ಇನ್ನೂ ಮೂರೇ ಇವೆ.