ಕ್ಯಾಪ್ಟನ್ ಕೇಳಿದ್ದು ಯಂತ್ರವನ್ನು, ನಿಮ್ಮನ್ನಲ್ಲ

ಈ ವಾರದ ಪತ್ರವೊಂದನ್ನು ಓದಿ ಎರಡು ದಿನ ನನಗೆ ಸಮಾಧಾನವೇ ಇರಲಿಲ್ಲ. ಪತ್ರದ ವಿಷಯ ಚಹಾ. ಆದರೆ ನನ್ನನ್ನು ಕಾಡಿದ್ದು ಚಹಾ ಅಲ್ಲ.

ಬರೆದವರು 38 ವರ್ಷದ ಮಹಿಳೆ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್’ ಎಂಬ, ಬಾಹ್ಯಾಕಾಶ ಹಡಗಿನ ಕಥೆಯ ಇಂಗ್ಲಿಷ್ ಟಿವಿ ಧಾರಾವಾಹಿ ಅಂದರೆ ಅವರಿಗೆ ಪ್ರಾಣ. ಗಂಡನಿಗೂ ಅದರ ರುಚಿ ಹಿಡಿಸಿದ್ದಾರೆ. ಈಗ ಇಬ್ಬರೂ ಮೊದಲಿನಿಂದ ನೋಡುತ್ತಿದ್ದಾರೆ, ರಾತ್ರಿ ಒಂಬತ್ತೂವರೆಗೆ ಶುರು, ದಿನಕ್ಕೆ ಮೂರು ಸಂಚಿಕೆ. ಅದರಲ್ಲಿ ಕ್ಯಾಪ್ಟನ್ ಪಿಕಾರ್ಡ್ ಗೋಡೆಯಲ್ಲಿರುವ ಯಂತ್ರಕ್ಕೆ "ಟೀ, ಅರ್ಲ್ ಗ್ರೇ, ಹಾಟ್" ಎನ್ನುತ್ತಾರೆ, ಕಪ್ ಪ್ರತ್ಯಕ್ಷವಾಗುತ್ತದೆ. ಅದನ್ನು ನೋಡಿ ಇವರೂ ಹಾಲಿನ ಚಹಾ ಬಿಟ್ಟು ಅರ್ಲ್ ಗ್ರೇ ಹಿಡಿದರು. ಸಂಚಿಕೆಗೊಂದು ಕಪ್. ಈಗ ರಾತ್ರಿ ಎರಡಾದರೂ ನಿದ್ದೆ ಇಲ್ಲ. ಗಂಡ ಅಷ್ಟೇ ಕುಡಿದು ಗಾಢವಾಗಿ ಮಲಗುತ್ತಾರೆ, "ಎಲ್ಲ ನಿನ್ನ ಮನಸ್ಸಿನಲ್ಲಿ" ಎನ್ನುತ್ತಾರೆ. ನಾದಿನಿ "ಟಿವಿ ನೋಡಿ ಚಹಾ ಬದಲಿಸೋದು ಚಿಕ್ಕಮಕ್ಕಳ ಬುದ್ಧಿ" ಎಂದಿದ್ದಾರೆ. ಜೊತೆಗೆ, ಅರ್ಲ್ ಗ್ರೇ ಕುಡಿದರೆ ಸ್ನಾಯು ಹಿಡಿಯುತ್ತದೆ ಎಂಬ ಮೆಸೇಜ್ ಬೇರೆ ಕಳಿಸಿದ್ದಾರೆ. ಧಾರಾವಾಹಿ ಬಿಡಲೇ, ಚಹಾ ಬಿಡಲೇ? ಇದು ಪ್ರಶ್ನೆ.

ಮೊದಲು ನಾದಿನಿಯ ಮಾತು ಮುಗಿಸೋಣ. ನನಗೆ ಅವರ ಮೇಲೆ ನಿಜವಾಗಿ ಸಿಟ್ಟು ಬಂದಿದೆ. ಟಿವಿ ನೋಡುತ್ತಾ ಚಹಾ ಬೇಕೆನಿಸುವುದು ಚಿಕ್ಕಮಕ್ಕಳ ಬುದ್ಧಿಯಲ್ಲ. 1990ರ ಜುಲೈ 4ರಂದು ವಿಶ್ವಕಪ್ ಫುಟ್ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಪಶ್ಚಿಮ ಜರ್ಮನಿಗೆ ಸೋತಿತು. ಆಟ ಮುಗಿದದ್ದೇ ತಡ, ಬ್ರಿಟನ್ನಿನಲ್ಲಿ ವಿದ್ಯುತ್ ಬೇಡಿಕೆ 2,800 ಮೆಗಾವ್ಯಾಟ್ ಜಿಗಿಯಿತು. ಅದರಲ್ಲಿ ದೊಡ್ಡ ಪಾಲು ಚಹಾ ಕೆಟಲ್‌ಗಳದ್ದು. ಪರದೆ ಮತ್ತು ಕಪ್ ಒಮ್ಮೆ ಜೊತೆಯಾದರೆ ಶೀರ್ಷಿಕೆ ಸಂಗೀತ ಕೇಳಿದರೂ ಸಾಕು, ಬಾಯಿ ಚಹಾ ಕೇಳುತ್ತದೆ. ಎಲ್ಲರಿಗೂ ಹಾಗೇ.

ಆ ಮೆಸೇಜ್ ಪೂರ್ತಿ ಸುಳ್ಳಲ್ಲ. 2002ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಂಥ ಒಂದು ಪ್ರಕರಣ ಬಂದಿತ್ತು. ಆದರೆ ಆತ ಕುಡಿಯುತ್ತಿದ್ದದ್ದು ದಿನಕ್ಕೆ 4 ಲೀಟರ್‌ವರೆಗೆ! ಸಾದಾ ಚಹಾಕ್ಕೆ ಮರಳಿದ ಮೇಲೆ ತೊಂದರೆ ಹೋಯಿತು. ಅರ್ಧ ಮಾತು ಕಳಿಸಿ ಹೆದರಿಸುವುದು ಕಾಳಜಿಯಲ್ಲ.

ನಿದ್ದೆಯ ಕಾರಣ ನೇರವಾಗಿದೆ. ಅರ್ಲ್ ಗ್ರೇ ಅಂದರೆ ಸಾಮಾನ್ಯವಾಗಿ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆಯ ಪರಿಮಳ ಸೇರಿಸಿದ ಕಪ್ಪು ಚಹಾ. ಒಂದು ಕಪ್‌ನಲ್ಲಿ ಹೆಚ್ಚೂಕಮ್ಮಿ 40ರಿಂದ 50 ಮಿಲಿಗ್ರಾಂ ಕೆಫೀನ್. ದೇಹ ಅದರಲ್ಲಿ ಅರ್ಧ ಕಳೆಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ನಿಮ್ಮ ಗಂಡನ ದೇಹ ಬೇಗ ಕಳೆಯುತ್ತಿರಬಹುದು, ನಿಮ್ಮದು ನಿಧಾನ. ಮನಸ್ಸಿನ ಮೇಲೆ ಯಾಕೆ ಹಾಕಬೇಕು? ಪರಿಮಳಕ್ಕೂ ಕೆಫೀನ್‌ಗೂ ಸಂಬಂಧವಿಲ್ಲ. ಕೆಫೀನ್ ತೆಗೆದ ಅರ್ಲ್ ಗ್ರೇ ಸಿಗುತ್ತದೆ, ರಾತ್ರಿಗೆ ಅದನ್ನೇ ಇಟ್ಟುಕೊಳ್ಳಿ.

ಈಗ ನನ್ನನ್ನು ಕಾಡಿದ ಸಾಲಿಗೆ ಬರುತ್ತೇನೆ. ಪತ್ರದ ಕೊನೆಗೆ, ಸಹಿಗಿಂತ ಸ್ವಲ್ಪ ಮೇಲೆ, ನೀವು ಹೀಗೆ ಬರೆದಿದ್ದೀರಿ: "ಅವರು ಸೋಫಾದಿಂದಲೇ ಕ್ಯಾಪ್ಟನ್ ಥರ ಹೇಳುತ್ತಾರೆ, ನಾನು ಮಾಡಿ ತರುತ್ತೇನೆ. ನಡುವೆ ಐದು ನಿಮಿಷದ ಕಥೆ ತಪ್ಪುತ್ತದೆ. ನಿಲ್ಲಿಸಿದರೆ ಓಟ ಕೆಡುತ್ತದೆ ಅಂತ ಅವರು ನಿಲ್ಲಿಸುವುದಿಲ್ಲ. ಅದೇನೂ ದೊಡ್ಡದಲ್ಲ."

ಲೆಕ್ಕ ಹಾಕೋಣ ಬನ್ನಿ. ಆ ಧಾರಾವಾಹಿ 1987ರಿಂದ 1994ರವರೆಗೆ ಬಂತು, 178 ಸಂಚಿಕೆ. ಸಂಚಿಕೆಗೆ ಐದು ನಿಮಿಷ ತಪ್ಪಿದರೆ ಒಟ್ಟು 890 ನಿಮಿಷ. ಒಂದು ಸಂಚಿಕೆ ಮುಕ್ಕಾಲು ಗಂಟೆ ಅಂದುಕೊಂಡರೆ, ಹತ್ತಿರಹತ್ತಿರ 20 ಸಂಚಿಕೆ! ನಿಮ್ಮ ಇಷ್ಟದ ಧಾರಾವಾಹಿ, ನೀವೇ ಅವರಿಗೆ ಪರಿಚಯ ಮಾಡಿಸಿದ್ದು. ಅದರಲ್ಲಿ 20 ಸಂಚಿಕೆಯಷ್ಟು ಕಥೆ ನೀವು ಅಡುಗೆಮನೆಯಲ್ಲಿ ನೀರು ಕುದಿಯುವುದನ್ನು ಕಾಯುತ್ತಾ ಕಳೆದುಕೊಳ್ಳುತ್ತೀರಿ. ಇದು ದೊಡ್ಡದಲ್ಲವೇ?

ಈ ಅಂಕಣದಲ್ಲಿ ನಾನು ಎಷ್ಟೋ ಸಲ ಬರೆದಿದ್ದೇನೆ. ಮನೆಯ ಯಾವ ತಕರಾರೇ ಇರಲಿ, ಮೊದಲು ನೋಡಬೇಕಾದ್ದು ಕೂತ ಜಾಗದಿಂದ ಎದ್ದವರು ಯಾರು ಎಂದು. ಉಪ್ಪಿನ ಡಬ್ಬಿಯ ಜಗಳವಿರಲಿ, ಚಹಾದ ಜಗಳವಿರಲಿ, ಆ ಪ್ರಶ್ನೆ ಕೇಳಿದರೆ ಅರ್ಧ ಗಂಟು ಬಿಚ್ಚಿಕೊಳ್ಳುತ್ತದೆ. ಆ ಹಡಗಿನಲ್ಲಿ ಕ್ಯಾಪ್ಟನ್ "ಹಾಟ್" ಅಂದಾಗ ಯಾರೂ ಏಳಬೇಕಾಗಿಲ್ಲ. ಯಾರ ಕೆಲಸವೂ ಕೆಡುವುದಿಲ್ಲ. ಯಂತ್ರ ಕೊಡುತ್ತದೆ, ಅಷ್ಟೇ. ಆ ಮಾತನ್ನು ಹೆಂಡತಿಗೆ ಹೇಳಿದರೆ ಅದು ಪ್ರೀತಿಯ ಅನುಕರಣೆಯಾಗಿ ಉಳಿಯುವುದಿಲ್ಲ. ನಿಮ್ಮ ಗಂಡ ಕೆಟ್ಟವರು ಅಂತ ನನಗೆ ಅನಿಸಿಲ್ಲ. ತಮಾಷೆಗೆ ಶುರುವಾಗಿರುತ್ತದೆ, ನೀವೂ ನಕ್ಕಿರುತ್ತೀರಿ. ಆದರೆ ನಗು ಯಾವಾಗ ನಿಂತಿತು ಅಂತ ಅವರು ಗಮನಿಸಿಲ್ಲ, ನೀವೂ ಹೇಳಿಲ್ಲ.

ನನಗೆ ಇನ್ನೊಂದು ಅನುಮಾನವಿದೆ. ರಾತ್ರಿ ಎರಡರವರೆಗೆ ನಿಮ್ಮನ್ನು ಎಚ್ಚರ ಇಡುವುದು ಪೂರ್ತಿ ಕೆಫೀನ್ ಅಲ್ಲ. ಅದರಲ್ಲಿ ಆ ತಪ್ಪಿದ ಐದು ನಿಮಿಷವೂ ಇದೆ.

ಧಾರಾವಾಹಿ ಬಿಡಬೇಡಿ. ಅರ್ಲ್ ಗ್ರೇಯನ್ನೂ ಬಿಡಬೇಡಿ. ಒಂದೇ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಅವರು "ಟೀ, ಅರ್ಲ್ ಗ್ರೇ, ಹಾಟ್" ಅಂದ ತಕ್ಷಣ ರಿಮೋಟ್ ಕೈಗೆ ತೆಗೆದುಕೊಂಡು ನಿಲ್ಲಿಸಿ, "ನನಗೂ ಒಂದು ಕಪ್, ಕೆಫೀನ್ ಇಲ್ಲದ್ದು" ಅನ್ನಿ. ಏಳಬೇಡಿ. ಅವರು ಗೊಣಗಿದರೂ ಏಳಬೇಡಿ. ಚಹಾ ಡಬ್ಬಿ ಯಾವ ಕಪಾಟಿನಲ್ಲಿದೆ ಅಂತ ಕೇಳಿದರೆ ಕೂತಲ್ಲಿಂದಲೇ ಹೇಳಿ. ಎರಡು ಕಪ್ ಬಂದ ಮೇಲೆ ಮುಂದಿನ ದೃಶ್ಯ ಹಾಕಿ.